ಮಲಪ್ರಭೆಯ ಕಣಿವೆಯಲ್ಲಿ ಪೂಜಾವಿಧಿ ಮತ್ತು ಗುಡಿಯ ರಚನೆ

ಬಾಗಲಕೋಟೆ ಜಿಲ್ಲೆಯ ಬಾದಾಮಿ, ಮಹಾಕೂಟ, ಪಟ್ಟದಕಲ್ಲು ಮತ್ತು ಐಹೊಳೆಗಳಲ್ಲಿ ಕ್ರಿ.ಶ. 6ರಿಂದ 8ನೆಯ ಶತಮಾನದವರೆಗೆ, ಬಾದಾಮಿ ಚಾಲುಕ್ಯರ ಆಳ್ವಿಕೆಯಲ್ಲಿ, ಬಂಡೆಯಲ್ಲಿ ಕೊರೆದ ಹಾಗೂ ಕಲ್ಲಿನಿಂದ ಕಟ್ಟಿದ ಗುಡಿಗಳ ವಿನ್ಯಾಸವು ಅಲ್ಲಿಯ ಪೂಜಾಪದ್ಧತಿಗಳಿಂದ ರೂಪುಗೊಂಡ ಬಗೆ ಈ ಲೇಖನದ ವಿಷಯ. ಅದೇ ಕಾಲದಲ್ಲಿ ಮತ್ತು ಅದಕ್ಕೆ ತುಸು ಹಿಂದೆ, ಮೆಡಿಟರೇನಿಯನ್ ಸಮುದ್ರದ ಸುತ್ತಿನ ನಾಡುಗಳಲ್ಲಿ ಕ್ರೈಸ್ತರ ಇಗರ್ಜಿಗಳೂ ತಮ್ಮ ಆರಾಧನೆಗೆ ತಕ್ಕ ಆಕಾರ ಹುಡುಕಿಕೊಳ್ಳುತ್ತಿದ್ದವು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹಗಿಯಾ ಸೋಫಿಯಾ ಪೂರ್ಣಗೊಂಡದ್ದು 537ರಲ್ಲಿ; 1ನೆಯ ಪುಲಕೇಶಿ ಬಾದಾಮಿಯ ಬೆಟ್ಟಕ್ಕೆ ಕೋಟೆ ಕಟ್ಟಿಸಿದ್ದು 543ರಲ್ಲಿ. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಪರಂಪರೆಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ನಮ್ಮ ಗುಡಿಗಳ ನಕ್ಷೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ಇಲ್ಲಿ ಆಗಾಗ ಆ ಕಡೆಗೂ ಕಣ್ಣು ಹಾಯಿಸಲಾಗಿದೆ.

ಹುನಗುಂದ ತಾಲೂಕಿನ ರಾಮಥಾಳದಂಥ ಊರಿನಲ್ಲಿ ಗುಡಿಗೆ ಹೋದವರು ಏನೇನು ಮಾಡುತ್ತಾರೆ ಎಂಬುದನ್ನು ಮೊದಲು ನೆನೆಯಬೇಕು. ಕಾಲು ತೊಳೆಯುತ್ತಾರೆ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಗಂಟೆ ಬಾರಿಸುತ್ತಾರೆ, ಹೂವು ಕೊಡುತ್ತಾರೆ, ಕಾಯಿ ಒಡೆಸುತ್ತಾರೆ, ತೀರ್ಥ ತೆಗೆದುಕೊಂಡು ಗುಡಿಯ ಸುತ್ತ ಐದು ಸುತ್ತು ಹಾಕುತ್ತಾರೆ, ಹರಕೆ ಇದ್ದವರು ದೀಡ ನಮಸ್ಕಾರ ಹಾಕುತ್ತಾರೆ, ಕೊನೆಗೆ ಕಟ್ಟೆಯ ಮೇಲೆ ಕೂತು ಎದ್ದು ಬರುತ್ತಾರೆ. ಒಂದೊಂದು ಕೆಲಸಕ್ಕೂ ಕಲ್ಲಿನಲ್ಲಿ ಒಂದೊಂದು ಜಾಗ ಬೇಕು. ಹೊಂಡ, ದ್ವಾರಬಂಧ, ಸುಕನಾಸಿ (ಗರ್ಭಗುಡಿಯ ಮುಂದಿನ ಕಿರುಕೋಣೆ), ಪ್ರಣಾಳ (ಅಭಿಷೇಕದ ನೀರು ಹೊರಬೀಳುವ ಕಾಲುವೆ), ಪ್ರದಕ್ಷಿಣಾಪಥ, ಕಕ್ಷಾಸನ (ಒರಗಿ ಕೂರುವ ಕಟ್ಟೆ) ಎಂದು ವಾಸ್ತುಗ್ರಂಥಗಳು ಹೆಸರಿಡುವ ಭಾಗಗಳೆಲ್ಲ ಈ ದಿನನಿತ್ಯದ ಕೆಲಸಗಳಿಗಾಗಿ ಹುಟ್ಟಿದವು. ಶಿಖರದ ಚೆಲುವಿನಿಂದ ಶುರುಮಾಡಿ ಗುಡಿಯನ್ನು ವಿವರಿಸುವ ರೂಢಿ ನಮ್ಮ ಪುಸ್ತಕಗಳಲ್ಲಿ ಬಲವಾಗಿದೆ. ಆದರೆ ನೆಲದಿಂದ, ಭಕ್ತನ ಹೆಜ್ಜೆಯಿಂದ ಶುರುಮಾಡುವುದೇ ಸರಿಯಾದ ದಾರಿ.

ಕೂಡಿದವರ ಮನೆ, ದೇವರ ಮನೆ

ಕ್ರೈಸ್ತರ ಆರಾಧನೆಯ ತಿರುಳು ಕೂಡುವುದು. ಭಕ್ತರು ಒಟ್ಟಾಗಿ ಸೇರಿ ಗ್ರಂಥಪಾಠ ಕೇಳಬೇಕು, ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿಕೊಳ್ಳಬೇಕು. ಇದಕ್ಕೆ ಮೊದಲು ಸಾಕಾದದ್ದು ಮನೆ. ಯೂಫ್ರೆಟಿಸ್ ದಂಡೆಯ ದುರಾ-ಯೂರೋಪಸ್ ಎಂಬ ಊರಿನಲ್ಲಿ 3ನೆಯ ಶತಮಾನದ ಮೊದಲ ಭಾಗದ ಒಂದು ಮನೆ ಉತ್ಖನನದಲ್ಲಿ ಸಿಕ್ಕಿದೆ. ಅಲ್ಲಿ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದೇ ದೊಡ್ಡ ಕೋಣೆ ಮಾಡಿಕೊಂಡಿದ್ದರು. ಇನ್ನೊಂದು ಕೋಣೆಯಲ್ಲಿ ಜ್ಞಾನಸ್ನಾನಕ್ಕೆ ತೊಟ್ಟಿ ಕಟ್ಟಿ ಮೇಲೆ ಚಪ್ಪರದಂತೆ ಕಮಾನು ನಿಲ್ಲಿಸಿದ್ದರು. ಹೊರಗಿನಿಂದ ನೋಡಿದವರಿಗೆ ಅದು ಓಣಿಯ ಉಳಿದ ಮನೆಗಳಂಥದೇ ಮನೆ.

313ರ ನಂತರ, ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರಿಗೆ ಆಶ್ರಯ ಕೊಟ್ಟ ಮೇಲೆ, ಸೇರುವವರ ಸಂಖ್ಯೆ ಬೆಳೆಯಿತು. ಆಗ ಅವರು ಆರಿಸಿಕೊಂಡದ್ದು ರೋಮನ್ನರ ದೇವಾಲಯವನ್ನಲ್ಲ. ನ್ಯಾಯ, ವ್ಯಾಪಾರ, ಸಭೆ ನಡೆಯುತ್ತಿದ್ದ ಬಸಿಲಿಕಾ ಎಂಬ ಉದ್ದನೆಯ ಸಭಾಭವನವನ್ನು. ರೋಮನ್ ದೇವಾಲಯದಲ್ಲಿ ಬಲಿ ಹೊರಗಿನ ಅಂಗಳದಲ್ಲಿ ನಡೆಯುತ್ತಿತ್ತು, ಒಳಗೆ ಮೂರ್ತಿ ಮಾತ್ರ ಇರುತ್ತಿತ್ತು. ನೂರಾರು ಜನ ಒಳಗೆ ನಿಲ್ಲುವ ಏರ್ಪಾಡು ಅದಕ್ಕಿರಲಿಲ್ಲ. ಬಸಿಲಿಕಾದ ಒಂದು ತುದಿಯಲ್ಲಿ ಅರ್ಧವೃತ್ತದ ಗೋಡೆ ಇತ್ತು. ಮೊದಲು ನ್ಯಾಯಾಧಿಪತಿ ಕೂರುತ್ತಿದ್ದ ಆ ಜಾಗದಲ್ಲಿ ಈಗ ಧರ್ಮಾಧ್ಯಕ್ಷನ ಪೀಠ ಬಂತು, ಅದರ ಮುಂದೆ ಬಲಿಪೀಠ ಬಂತು. ಜನರೆಲ್ಲ ಅತ್ತ ಮುಖ ಮಾಡಿ ನಿಂತರು.

ಗುಡಿಯ ಲೆಕ್ಕ ಬೇರೆ. ಅದು ದೇವರು ವಾಸಿಸುವ ಮನೆ. ಭಕ್ತ ಬಂದು ಹೋಗುವವನು, ಒಬ್ಬೊಬ್ಬನಾಗಿ ಅಥವಾ ಮನೆಮಂದಿಯೊಡನೆ, ತನಗೆ ಬಿಡುವಾದಾಗ. ಗರ್ಭಗುಡಿಯಲ್ಲಿ ಪೂಜಾರಿ ಒಬ್ಬ ಬಾಗಿ ನಿಂತು ಅಭಿಷೇಕ ಮಾಡುವಷ್ಟು ಎಡೆ ಇದ್ದರೆ ಸಾಕು. ಆದ್ದರಿಂದ ಎಷ್ಟೇ ದೊಡ್ಡ ಗುಡಿಯಾದರೂ ಅದರ ನಡುವಿನ ಕೋಣೆ ಚಿಕ್ಕದೇ ಆಗಿ ಉಳಿಯಿತು. ಬೆಳೆದದ್ದು ಅದರ ಸುತ್ತಲಿನದು ಮತ್ತು ಮುಂದಿನದು.

ಮಂಗಲೇಶನ ಕಲ್ಮನೆ

ಬಾದಾಮಿಯ ಮೂರನೆಯ ಗುಹೆಯಲ್ಲಿ ಶಕ 500ರ, ಅಂದರೆ 578ರ, ಸಂಸ್ಕೃತ ಶಾಸನವಿದೆ. ಅಣ್ಣನಾದ ಚಾಲುಕ್ಯ ಅರಸ 1ನೆಯ ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷ, ಕಾರ್ತಿಕ ಹುಣ್ಣಿಮೆಯಂದು ಮಂಗಲೇಶ ಈ ವಿಷ್ಣುಗೃಹವನ್ನು ಪ್ರತಿಷ್ಠಾಪಿಸಿದ. ಪಕ್ಕದಲ್ಲೇ ಪುಟ್ಟದೊಂದು ಕನ್ನಡ ಶಾಸನವೂ ಇದೆ. ಕನ್ನಡದ ಅತ್ಯಂತ ಹಳೆಯ ಶಾಸನಗಳ ಸಾಲಿಗೆ ಸೇರುವ ಅದು ಗುಹೆಯನ್ನು ಕರೆಯುವ ಹೆಸರು ‘ಕಲ್ಮನೆ’. ಆ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟುಕೊಟ್ಟದ್ದನ್ನೂ ದೇವರಿಗೆ ಹೂವೇರಿಸುವ ಮಾಲೆಗಾರರಿಗೆ ಪಾಲು ಗೊತ್ತುಮಾಡಿದ್ದನ್ನೂ ಅದು ಹೇಳುತ್ತದೆ. ಇದನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗಲಿ ಎಂಬ ಶಾಪವೂ ಜೊತೆಗಿದೆ. ಬಂಡೆ ಕೊರೆದವರ ಕೂಲಿ ಎಷ್ಟು ಎಂಬ ಲೆಕ್ಕ ಅಲ್ಲಿಲ್ಲ. ಮರುದಿನ ಬೆಳಿಗ್ಗೆ ಹೂವು ಎಲ್ಲಿಂದ ಬರಬೇಕು ಎಂಬ ಲೆಕ್ಕ ಇದೆ. ಗುಡಿ ಎಂದರೆ ಆ ಕಾಲದವರಿಗೆ ಮೊದಲು ಏನಾಗಿತ್ತು ಎಂಬುದಕ್ಕೆ ಇಷ್ಟು ಹತ್ತಿರದ ಸಾಕ್ಷಿ ಬೇರೆ ಸಿಗುವುದು ಕಷ್ಟ.

ಗುಹೆಯ ನಕ್ಷೆ ಸರಳ: ಮುಂದೆ ಉದ್ದನೆಯ ಪಡಸಾಲೆಯಂಥ ಮುಖಮಂಟಪ, ಅದರ ಹಿಂದೆ ಕಂಬಗಳ ಮಹಾಮಂಟಪ, ಹಿಂಗೋಡೆಯ ನಡುವೆ ಬೆಟ್ಟದೊಳಕ್ಕೆ ಕೊರೆದ ಚೌಕ ಗರ್ಭಗುಡಿ. ಮೂರನೆಯ ಗುಹೆಯ ಮುಖ ಸುಮಾರು 70 ಅಡಿ ಅಗಲ. ಆದರೆ ಇಲ್ಲಿ ಒಂದು ಕೊರತೆ ಇದೆ. ಗರ್ಭಗುಡಿಯ ಮೂರು ಬದಿಗೂ ಬೆಟ್ಟವೇ ಇರುವುದರಿಂದ ದೇವರ ಸುತ್ತ ಹೆಜ್ಜೆ ಹಾಕಲು ದಾರಿಯಿಲ್ಲ. ಶಿಲ್ಪಿಗಳು ದೊಡ್ಡ ಮೂರ್ತಿಗಳನ್ನು ಪಡಸಾಲೆಯ ಎರಡು ತುದಿಗಳಿಗೆ ತಂದು ನಿಲ್ಲಿಸಿದರು: ಅನಂತನ ಮೇಲೆ ಕುಳಿತ ವಿಷ್ಣು, ವರಾಹ, ನರಸಿಂಹ, ತ್ರಿವಿಕ್ರಮ. ಭಕ್ತ ದೇವರನ್ನು ಸುತ್ತಲಾರ. ಆ ತುದಿಯಿಂದ ಈ ತುದಿಗೆ ನಡೆದು ನೋಡಬಲ್ಲ. ಶೈವವಾದ ಮೊದಲನೆಯ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜ ಒಳಗೂ ಇಲ್ಲ, ಪಡಸಾಲೆಯಲ್ಲೂ ಇಲ್ಲ. ಹೊರಗೆ, ಮೆಟ್ಟಿಲು ಹತ್ತಿ ಬಂದವರ ಬಲಕ್ಕೆ, ಬಂಡೆಯ ಮೈಮೇಲೆ ಕುಣಿಯುತ್ತಿದ್ದಾನೆ.

ಐಹೊಳೆಯ ರಾವಣಫಡಿಯಲ್ಲೂ ಇದೇ ತೊಡಕು. ಅಲ್ಲಿ ನಡುವಿನ ಅಂಕಣದ ಹಿಂದೆ ಲಿಂಗವಿರುವ ಗರ್ಭಗುಡಿ, ಪಕ್ಕದ ಕೋಣೆಯಲ್ಲಿ ಸಪ್ತಮಾತೃಕೆಯರ ನಡುವೆ ಹತ್ತು ಕೈಗಳಿಂದ ನರ್ತಿಸುವ ಶಿವ. ಮಾತೃಕೆಯರಿಗೆ ಒಂದು ಬೇರೆ ಕೋಣೆಯನ್ನೇ ಕೊಟ್ಟದ್ದು ಗಮನಿಸಬೇಕಾದ ಸಂಗತಿ.

ಸುತ್ತು ಹಾಕುವ ಹಾದಿ

ಬೆಟ್ಟದಿಂದ ಬಿಡಿಸಿಕೊಂಡು ಬಯಲಿಗೆ ಬಂದ ಮೇಲೆ ಗರ್ಭಗುಡಿಯ ಸುತ್ತ ಜಾಗ ಸಿಕ್ಕಿತು. ಸುತ್ತುವ ಹಾದಿಗೆ ಎಲ್ಲಿ ಎಡೆ ಕೊಡಬೇಕು ಎಂಬ ಪ್ರಶ್ನೆಗೆ ಐಹೊಳೆಯ ಕಲ್ಲುಕುಟಿಗರು ಒಂದಲ್ಲ, ನಾಲ್ಕಾರು ಉತ್ತರ ಕೊಟ್ಟರು. ಆ ಉತ್ತರಗಳೆಲ್ಲ ಇಂದಿಗೂ ಒಂದು ಊರಿನ ಅಳತೆಯೊಳಗೆ ನಿಂತಿವೆ. ಅಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ.

ಲಾಡಖಾನ ಗುಡಿಯಲ್ಲಿ ಚೌಕ ಮಂಟಪ, ಒಂದರೊಳಗೊಂದು ಎರಡು ಸುತ್ತು ಕಂಬ, ನಟ್ಟನಡುವೆ ನಂದಿ. ಗರ್ಭಗುಡಿ ಹಿಂಗೋಡೆಗೆ ಅಂಟಿಕೊಂಡಿದೆ. ಇಲ್ಲಿ ದೇವರ ಹಿಂದೆ ಹೋಗಲಾಗದು, ನಂದಿಯನ್ನು ಸುತ್ತಬಹುದು. ಮಾಳಿಗೆಯ ಚಪ್ಪಡಿಗಳ ಸಂದಿನ ಮೇಲೆ ಮರದ ತೊಲೆಯಂಥ ಉದ್ದನೆಯ ಕಲ್ಲುಪಟ್ಟಿಗಳನ್ನು ಹೊದಿಸಿ ಮಳೆನೀರು ಇಳಿಯದಂತೆ ಮಾಡಿದ್ದಾರೆ. ನೋಡಿದ ಕೂಡಲೇ ಊರ ಚಾವಡಿಯೊಂದು ಕಲ್ಲಾಗಿ ನಿಂತಂತೆ ತೋರುತ್ತದೆ. ಹಿಂದಿನ ವಿದ್ವಾಂಸರು ಇದನ್ನು 5ನೆಯ ಶತಮಾನಕ್ಕೆ ಒಯ್ದು, ಗುಡಿಕಟ್ಟುವಿಕೆಯ ಮೊದಲ ಪಾಠ ಎಂದು ಕರೆದರು. ಈಗ ಬಹುಮಂದಿ 7–8ನೆಯ ಶತಮಾನದ್ದು ಎನ್ನುತ್ತಾರೆ. ಇದು ಸಣ್ಣ ತಿದ್ದುಪಡಿಯಲ್ಲ. ಸುತ್ತುಹಾದಿ ಇಲ್ಲದ ಗುಡಿ ಹಳೆಯದು, ಇರುವುದು ಹೊಸದು ಎಂಬ ಏಣಿಯ ಲೆಕ್ಕವೇ ಇದರಿಂದ ಬಿದ್ದುಹೋಗುತ್ತದೆ. ಬೇರೆಬೇರೆ ಬಗೆಯ ಪೂಜೆಗೆ ಬೇರೆಬೇರೆ ನಕ್ಷೆಗಳು ಒಂದೇ ಕಾಲದಲ್ಲಿ ಅಕ್ಕಪಕ್ಕ ಬಾಳಿದವು ಎಂದು ತಿಳಿಯುವುದೇ ಹೆಚ್ಚು ಸರಿ.

ಅದರ ಪಕ್ಕದ ಗೌಡರಗುಡಿಯಲ್ಲಿ ಗರ್ಭಗುಡಿ ಬಿಡಿಯಾಗಿ ನಡುವೆ ನಿಂತಿದೆ, ಸುತ್ತಲೂ ಕಂಬಗಳ ತೆರೆದ ಮೊಗಸಾಲೆ. ಗಾಳಿ ಬೆಳಕಿನಲ್ಲಿ, ಹೊರಗಿನ ಓಣಿ ನೋಡುತ್ತ ಪ್ರದಕ್ಷಿಣೆ ಹಾಕಬಹುದು. ಮಹಾಕೂಟದ ಮಹಾಕೂಟೇಶ್ವರ, ಮಲ್ಲಿಕಾರ್ಜುನ ಗುಡಿಗಳಲ್ಲಿ ಈ ಹಾದಿ ಒಳಗೆ ಸರಿದಿದೆ: ಗರ್ಭಗುಡಿಯ ಗೋಡೆ ಮತ್ತು ಹೊರಗೋಡೆಗಳ ನಡುವೆ ಇಕ್ಕಟ್ಟಾದ ಓಣಿ, ಬೆಳಕಿಗೆ ಜಾಲಂಧ್ರಗಳು, ಅಂದರೆ ಕಲ್ಲಿನ ಜಾಲರಿ ಕಿಟಕಿಗಳು. ಇಂಥ ಒಳಹಾದಿ ಇರುವ ಗುಡಿಯನ್ನು ಸಾಂಧಾರ ಎಂದೂ ಇಲ್ಲದ್ದನ್ನು ನಿರಂಧಾರ ಎಂದೂ ಕರೆಯುತ್ತಾರೆ. ಹಾದಿ ಹೊರಗಿದ್ದರೆ ಊರಿನ ನಡುವೆ ದೇವರಿರುತ್ತಾನೆ. ಒಳಗಿದ್ದರೆ ಭಕ್ತ ನಾಲ್ಕು ಹೆಜ್ಜೆಯ ಮಟ್ಟಿಗಾದರೂ ಊರನ್ನು ಬಿಟ್ಟುಬಂದಿರುತ್ತಾನೆ.

ಐಹೊಳೆಯ ದುರ್ಗಗುಡಿ ಎರಡನ್ನೂ ಒಟ್ಟಿಗೆ ಕೊಟ್ಟಿತು. ಹೆಸರು ಕೇಳಿ ದುರ್ಗಾದೇವಿಯ ಗುಡಿ ಎಂದುಕೊಳ್ಳುವವರು ಬಹಳ. ಪಕ್ಕದ ಕೋಟೆಯಿಂದ, ದುರ್ಗದಿಂದ, ಆ ಹೆಸರು ಬಂದಿದೆ. ಹೆಬ್ಬಾಗಿಲಿನಲ್ಲಿರುವ 2ನೆಯ ವಿಕ್ರಮಾದಿತ್ಯನ ಕಾಲದ ಶಾಸನದ ಪ್ರಕಾರ ಇದು ಆದಿತ್ಯನ, ಅಂದರೆ ಸೂರ್ಯನ, ಗುಡಿ. ಎತ್ತರದ ಜಗತಿಯ ಮೇಲೆ ನಿಂತ ಇದರ ಹಿಂಭಾಗ ದುಂಡಗಿದೆ, ಆನೆಯ ಬೆನ್ನಿನಂತೆ. ಗಜಪೃಷ್ಠ ಎಂಬ ಹೆಸರು ಅದಕ್ಕೇ.

ಮುಂದಿನ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿ, ಗೋಡೆ ಬಲಗೈಗೆ ಬರುವಂತೆ ನಡೆಯಬೇಕು. ಹೊರಗಡೆ ದಪ್ಪ ಚೌಕ ಕಂಬಗಳ ಸಾಲು, ಅವುಗಳ ನಡುವೆ ಬಿಸಿಲಿನ ಪಟ್ಟೆ ನೆಲದ ಮೇಲೆ ಬೀಳುತ್ತದೆ. ಗೋಡೆಯಲ್ಲಿ ಒಂದು ದೇವಕೋಷ್ಠ, ಒಂದು ಜಾಲಂಧ್ರ, ಮತ್ತೊಂದು ದೇವಕೋಷ್ಠ. ನಂದಿಗೆ ಒರಗಿದ ಶಿವ, ನರಸಿಂಹ, ಗರುಡನೊಡನೆ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಹಿಂಭಾಗಕ್ಕೆ ಬಂದಾಗ ಗೋಡೆ ಬಾಗತೊಡಗುತ್ತದೆ, ಮುಂದಿನ ಮೂರ್ತಿ ಕಾಣುವುದಿಲ್ಲ. ಇನ್ನೆರಡು ಹೆಜ್ಜೆ ಇಟ್ಟರೆ ಮಾತ್ರ ಅದು ತಿರುವಿನಿಂದ ಹೊರಬರುತ್ತದೆ. ಚೌಕ ಗುಡಿಯ ಮೂಲೆಯಲ್ಲಿ ಹೆಜ್ಜೆ ಒಮ್ಮೆ ನಿಂತು ತಿರುಗುತ್ತದೆ, ಇಲ್ಲಿ ನಿಲ್ಲುವುದೇ ಇಲ್ಲ. ಬಾದಾಮಿಯ ಗುಹೆಯಲ್ಲಿ ಪಡಸಾಲೆಯ ತುದಿಗಳಲ್ಲಿ ನಿಂತಿದ್ದ ಅದೇ ವರಾಹ, ಅದೇ ನರಸಿಂಹ ಇಲ್ಲಿ ಸುತ್ತುಹಾದಿಯ ಮೇಲೆ ಸಾಲಾಗಿ ಬಂದು ನಿಂತದ್ದು ಹೀಗೆ. ಹೊರಸುತ್ತು ಮುಗಿಸಿ ಒಳಗೆ ಹೋದರೆ ಇನ್ನೊಂದು ಸುತ್ತು ಕಾದಿದೆ: ದುಂಡು ಬೆನ್ನಿನ ಗರ್ಭಗುಡಿಯ ಹಿಂದೆ, ಜಾಲಂಧ್ರದ ಮಂದ ಬೆಳಕಿನಲ್ಲಿ, ಕಣ್ಣು ಹೊಂದಿಕೊಳ್ಳಲು ಗಳಿಗೆ ಬೇಕಾಗುವ ಕತ್ತಲೆಯ ಓಣಿ.

ಈ ಗುಡಿಯ ಒಳಮಂಟಪ ನೋಡಿದರೆ ಬಸಿಲಿಕಾ ನೆನಪಾಗದೆ ಇರದು. ಎರಡು ಸಾಲು ಕಂಬ, ನಡುವಿನ ಅಂಕಣದ ಮಾಡು ಎತ್ತರ, ಪಕ್ಕದವು ತಗ್ಗು, ತುದಿಯಲ್ಲಿ ಅರ್ಧವೃತ್ತ. ಇವೆಲ್ಲ ಎರಡರಲ್ಲೂ ಒಂದೇ. ಆದರೆ ಐಹೊಳೆಯ ಅರ್ಧವೃತ್ತದ ಬೇರು ರೋಮಿನಲ್ಲಿಲ್ಲ. ಅದು ಕಾರ್ಲೆಯಂಥ ಬೌದ್ಧ ಚೈತ್ಯಗಳಲ್ಲಿದೆ. ಸ್ತೂಪ ದುಂಡಗಿರುವುದರಿಂದ, ಅದನ್ನು ಸುತ್ತುವವರ ಹಾದಿಯೂ ದುಂಡಗಾಗಿ, ಆ ಹಾದಿಯನ್ನು ಹೊದ್ದ ಗೋಡೆಯೂ ದುಂಡಗಾಯಿತು. ಮಹಾರಾಷ್ಟ್ರದ ತೇರ್, ಆಂಧ್ರದ ಚೇಜರ್ಲದ ಗಜಪೃಷ್ಠ ಗುಡಿಗಳೂ ಇದೇ ವಂಶದವು. ಬಸಿಲಿಕಾದ ಅರ್ಧವೃತ್ತ ಪೀಠವನ್ನಿಟ್ಟು ಕೂರುವುದಕ್ಕೆ, ಜನರ ದೃಷ್ಟಿಯನ್ನು ಒಂದು ಕಡೆ ನಿಲ್ಲಿಸುವುದಕ್ಕೆ. ನಮ್ಮದು ನಡೆಯುವುದಕ್ಕೆ. ಆಕಾರ ಒಂದೇ ಇದ್ದರೂ ಅದರೊಳಗೆ ಕಾಲು ಮಾಡುವ ಕೆಲಸ ಬೇರೆ.

ಇಗರ್ಜಿಗಳಲ್ಲಿ ಸುತ್ತುವ ರೂಢಿಯೇ ಇರಲಿಲ್ಲ ಎಂದಲ್ಲ. ರಕ್ತಸಾಕ್ಷಿಗಳ ಸಮಾಧಿ ಇದ್ದಲ್ಲೆಲ್ಲ ಅದು ಬಂತು. ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿಯ ಸುತ್ತ ದುಂಡು ಕಟ್ಟಡವೇ ಎದ್ದಿತು. ರೋಮಿನ ಸಂತ ಪೇತ್ರನ ಬಸಿಲಿಕಾದಲ್ಲಿ ಸುಮಾರು 600ರ ಹೊತ್ತಿಗೆ, ಪೋಪ್ 1ನೆಯ ಗ್ರೆಗೊರಿಯ ಕಾಲದಲ್ಲಿ, ಬಲಿಪೀಠವನ್ನು ಎತ್ತರಿಸಿ ಅದರಡಿ ಅರ್ಧವೃತ್ತದ ಓಣಿ ತೆಗೆದರು. ಯಾತ್ರಿಕರು ಒಂದು ಬದಿಯಿಂದ ಇಳಿದು, ಸಮಾಧಿಯ ಹತ್ತಿರ ನಿಂತು, ಇನ್ನೊಂದು ಬದಿಯಿಂದ ಏರಿ ಬರುತ್ತಿದ್ದರು. ಮೇಲೆ ನಡೆಯುವ ಬಲಿಪೂಜೆಗೆ ಅಡ್ಡಿಯಿಲ್ಲ. ಅದೇ ವರ್ಷಗಳಲ್ಲಿ ಮಂಗಲೇಶ ಮಹಾಕೂಟದಲ್ಲಿ ತನ್ನ ಧರ್ಮಜಯಸ್ತಂಭ ನೆಡಿಸುತ್ತಿದ್ದ. ಪೂಜ್ಯವಾದುದರ ಹತ್ತಿರ ಹೋಗಬೇಕು, ಸುತ್ತಬೇಕು ಎಂಬ ಹಂಬಲ ಎರಡೂ ಕಡೆ ಒಂದೇ ಬಗೆಯ ಇಕ್ಕಟ್ಟಿನ, ಬಾಗಿದ, ಅರೆಗತ್ತಲೆಯ ಓಣಿಯನ್ನು ಕಟ್ಟಿಸಿತು.

ನೀರು

ಹೂವಿನ ನಂತರ ನೀರಿನ ಮಾತು. ಲಿಂಗಪೂಜೆಗೆ ಅಭಿಷೇಕ ಬೇಕೇ ಬೇಕು. ಸುರಿದ ನೀರು, ಹಾಲು ಹೊರಗೆ ಹೋಗಬೇಕು. ಪಾಣಿಪೀಠದ ಹರಿನಾಲಿಗೆ ಉತ್ತರಕ್ಕೆ ಮುಖ ಮಾಡಿರುತ್ತದೆ, ಅಲ್ಲಿಂದ ನೀರು ಗೋಡೆ ದಾಟಿ ಪ್ರಣಾಳದ ಮೂಲಕ ಹೊರಬೀಳುತ್ತದೆ. ಸಣ್ಣ ಏರ್ಪಾಡೆಂದು ಕಂಡರೂ ಇದು ಪ್ರದಕ್ಷಿಣೆಯ ಕ್ರಮವನ್ನೇ ಬದಲಿಸಿತು. ಶಿವನ ಗುಡಿಯಲ್ಲಿ ಆ ನೀರಿನ ಗೆರೆಯನ್ನು, ಸೋಮಸೂತ್ರವನ್ನು, ದಾಟಬಾರದು. ಭಕ್ತ ಅಲ್ಲಿವರೆಗೆ ಹೋಗಿ, ಹಿಂತಿರುಗಿ, ಇನ್ನೊಂದು ಬದಿಯಿಂದ ಮತ್ತೆ ಅಲ್ಲಿಗೇ ಬರುತ್ತಾನೆ. ಒಂದು ಕಲ್ಲಿನ ಕಾಲುವೆ ವೃತ್ತವನ್ನು ಅರ್ಧವೃತ್ತವಾಗಿಸಿದ ಬಗೆ ಇದು.

ಮಹಾಕೂಟದಲ್ಲಿ ನೀರೇ ಮೊದಲು, ಗುಡಿ ಆಮೇಲೆ. ಬೆಟ್ಟದ ಮಗ್ಗುಲಿನ ಊಟೆಯ ನೀರು ತುಂಬಿದ ವಿಷ್ಣು ಪುಷ್ಕರಿಣಿಯ ಸುತ್ತ ಗುಡಿಗಳು ಗುಂಪುಗೂಡಿವೆ. ಹೊಂಡದೊಳಗೇ ಒಂದು ಪುಟ್ಟ ಮಂಟಪದಲ್ಲಿ ಮುಖಲಿಂಗವಿದೆ. ಜನ ಮಿಂದು ಒದ್ದೆ ಬಟ್ಟೆಯಲ್ಲೇ ಮಹಾಕೂಟೇಶ್ವರನ ಮುಂದೆ ನಿಲ್ಲುತ್ತಾರೆ. ಮಂಗಲೇಶನ ಸ್ತಂಭಶಾಸನ ಈ ದೇವರಿಗೆ 1ನೆಯ ಪುಲಕೇಶಿಯ ರಾಣಿ ದುರ್ಲಭದೇವಿಯ ಒಪ್ಪಿಗೆಯೊಡನೆ ಹತ್ತು ಊರುಗಳನ್ನು ಬಿಟ್ಟದ್ದನ್ನು ದಾಖಲಿಸುತ್ತದೆ. ಆ ಸ್ತಂಭ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ನೂರು ವರ್ಷದ ನಂತರ ಚಾಲುಕ್ಯ ಅರಸ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಇಲ್ಲಿ ಹಿರಣ್ಯಗರ್ಭ ದಾನ ಮಾಡಿ, ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದಳು. ಇಂದು ಬರಿಗಲ್ಲಾಗಿ ಕಾಣುವ ಗರ್ಭಗುಡಿಯೊಳಗೆ ದೀಪದ ಬೆಳಕಿಗೆ ಕೆಂಪು ಹರಳು, ಬೆಳ್ಳಿ ಮಿನುಗುತ್ತಿದ್ದವು ಎಂಬುದನ್ನು ನೆನೆಯದೆ ಆ ಕತ್ತಲೆಯ ಅರ್ಥ ತಿಳಿಯದು.

ಕ್ರೈಸ್ತರಲ್ಲಿ ನೀರಿನ ಸಂಸ್ಕಾರ ಜನ್ಮಕ್ಕೆ ಒಂದೇ ಸಲ. ಆದ್ದರಿಂದ ಜ್ಞಾನಸ್ನಾನದ ಮನೆ ರೋಮಿನ ಲ್ಯಾಟರನ್‌ನಲ್ಲಿರುವಂತೆ ಇಗರ್ಜಿಯ ಪಕ್ಕದಲ್ಲಿ ಪ್ರತ್ಯೇಕವಾಗಿ, ಎಂಟು ಮೂಲೆಯ ಕಟ್ಟಡವಾಗಿ ನಿಂತಿತು. ದಿನಾ ಮೀಯುವವರಿಗೆ ಅಂಗಳದ ನಡುವೆ ತೆರೆದ ಹೊಂಡ ಬೇಕು.

ಹಾಡುವವರ ಜಾಗ

ಮಂಟಪ ದೊಡ್ಡದಾದದ್ದು ಭಕ್ತರ ಸಂಖ್ಯೆ ಹೆಚ್ಚಿದ್ದರಿಂದ ಮಾತ್ರವಲ್ಲ. ದೇವರನ್ನು ಅರಸನಂತೆ ಉಪಚರಿಸುವ ಪದ್ಧತಿ ಬೆಳೆದಂತೆ ಹಾಡು, ವಾದ್ಯ, ನೃತ್ಯ ಪೂಜೆಯ ಅಂಗವಾದವು. ಪಟ್ಟದಕಲ್ಲಿನ ವಿರೂಪಾಕ್ಷ ಇದಕ್ಕೆ ದೊಡ್ಡ ಉದಾಹರಣೆ. 2ನೆಯ ವಿಕ್ರಮಾದಿತ್ಯ (733–744) ಕಂಚಿಯನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಇದನ್ನು ಕಟ್ಟಿಸಿದಳು. ಲೋಕೇಶ್ವರ ಎಂಬುದು ಮೊದಲ ಹೆಸರು. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ, ಸವತಿಯೂ ಆದ ತ್ರೈಲೋಕ್ಯಮಹಾದೇವಿಯದು. ಲೋಕೇಶ್ವರದ ಸೂತ್ರಧಾರಿ ಗುಂಡನಿಗೆ ‘ತ್ರಿಭುವನಾಚಾರಿ’ ಬಿರುದು ಸಂದಿತು. ಇವರ ಹೆಸರುಗಳ ಜೊತೆಗೆ ಗುಡಿಯ ಇನ್ನೊಂದು ಶಾಸನ ಹಾಡುಗಾರರನ್ನೂ ನೆನೆಯುತ್ತದೆ: ಮಾವ ವಿಜಯಾದಿತ್ಯ ಗಂಧರ್ವರಿಗೆ ಕೊಟ್ಟಿದ್ದ ಮರ್ಯಾದೆಗಳನ್ನು ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳು. ಮಂಗಲೇಶನ ಕಲ್ಮನೆಯಲ್ಲಿ ಮಾಲೆಗಾರರಿಗೆ ಪಾಲು, ಇಲ್ಲಿ ಹಾಡುಗಾರರಿಗೆ. ಈ ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಗುಡಿ ಏಕೆ ಬೆಳೆಯಿತು ಎಂಬುದಕ್ಕೆ ಈ ಎರಡು ಶಾಸನಗಳೇ ಕಾರಣ ಹೇಳುತ್ತವೆ.

ವಿರೂಪಾಕ್ಷದಲ್ಲಿ ಹಿಂದಿನ ಎಲ್ಲ ಉತ್ತರಗಳೂ ಒಂದೆಡೆ ಕೂಡಿವೆ. ಒಳಗೆ ಸುತ್ತುಹಾದಿ, ಗರ್ಭಗುಡಿಯ ಮುಂದೆ ಎದುರುಬದುರಾಗಿ ಗಣಪತಿ ಮತ್ತು ಮಹಿಷಮರ್ದಿನಿಗೆ ಪುಟ್ಟ ಗುಡಿಗಳು, ಮೂರು ದಿಕ್ಕಿಗೆ ಮುಖಮಂಟಪಗಳಿರುವ ವಿಶಾಲ ಸಭಾಮಂಟಪ, ಸುತ್ತಲೂ ಪ್ರಾಕಾರ, ಅದಕ್ಕೆ ಹತ್ತಿಕೊಂಡು ಪರಿವಾರ ದೇವತೆಗಳ ಗೂಡುಗಳು. ಲಾಡಖಾನದಲ್ಲಿ ಒಳಮಂಟಪದ ನಡುವೆ ಮಲಗಿದ್ದ ನಂದಿ ಇಲ್ಲಿ ಎದ್ದು ಹೊರಗೆ ಬಂದು ತನ್ನದೇ ಮಂಟಪ ಪಡೆದಿದೆ. ಒಳಗಿನ ಜಾಗ ಹಾಡುವವರಿಗೆ, ಕುಣಿಯುವವರಿಗೆ, ನೋಡುವವರಿಗೆ ಉಳಿಯಿತು. ಆದರೂ ನಂದಿಯ ದೃಷ್ಟಿ ಅಷ್ಟು ದೂರದಿಂದ ಎಲ್ಲ ಬಾಗಿಲುಗಳನ್ನು ಹಾದು ಲಿಂಗಕ್ಕೇ ಮುಟ್ಟುತ್ತದೆ. ಆ ನೇರ ಗೆರೆಯ ಮೇಲೆ ಇಡೀ ಗುಡಿ ನಿಂತಿದೆ. ಮಂಟಪದ ಕಂಬಗಳ ಮೇಲೆ ರಾಮಾಯಣ, ಮಹಾಭಾರತ, ಕಿರಾತಾರ್ಜುನರ ಕಥೆಗಳು ಪಟ್ಟಿಪಟ್ಟಿಯಾಗಿವೆ. ಪೂಜೆ ಮುಗಿಯುವವರೆಗೆ ಕಾಯುವವರಿಗೆ ಓದಿಕೊಳ್ಳಲು ಅವೇ ಪುಸ್ತಕ.

ಒಂದು ವಿಷಯದಲ್ಲಿ ಮಾತ್ರ ಪೂಜೆಯಿಂದ ಉತ್ತರ ಸಿಗುವುದಿಲ್ಲ. ಪಟ್ಟದಕಲ್ಲಿನಲ್ಲಿ ದ್ರಾವಿಡ ಶಿಖರದ ವಿರೂಪಾಕ್ಷವೂ ನಾಗರ ಶಿಖರದ ಗಳಗನಾಥವೂ ಒಂದೇ ಅಂಗಳದಲ್ಲಿವೆ. ಎರಡರಲ್ಲೂ ಲಿಂಗಪೂಜೆಯೇ. ಶಿಖರದ ಆಯ್ಕೆಯಲ್ಲಿ ಕಟ್ಟಿಸಿದವರ ಅಭಿರುಚಿ, ಶಿಲ್ಪಿಗಳ ಮನೆತನ, ನಾಡಿನ ಸಂಪರ್ಕಗಳು ಕೆಲಸ ಮಾಡಿದವೇ ಹೊರತು ಪೂಜಾರಿಯ ಕೈಯಲ್ಲ.

ಮೂವರು ದೇವರು, ಮೇಲುಗುಡಿ, ವಿಹಾರ

ದೇವರುಗಳ ಸಂಖ್ಯೆಯೂ ನಕ್ಷೆಯನ್ನು ತಿದ್ದಿತು. 699ರಲ್ಲಿ ವಿಜಯಾದಿತ್ಯನ ತಾಯಿ ವಿನಯವತಿ ಬಾದಾಮಿಯಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಒಟ್ಟಿಗೆ ಪ್ರತಿಷ್ಠಾಪಿಸಿದಳು. ಇಂದು ಜಂಬುಲಿಂಗ ಎಂದು ಕರೆಯುವ ಆ ಗುಡಿಯಲ್ಲಿ ಒಂದೇ ಮಂಟಪಕ್ಕೆ ಮೂರು ಗರ್ಭಗುಡಿಗಳು ತೆರೆಯುತ್ತವೆ. ಮುಂದೆ ಕನ್ನಡ ನಾಡಿನ ಉದ್ದಗಲಕ್ಕೂ ಹಬ್ಬಿದ ತ್ರಿಕೂಟಗಳ ಹಿರಿಯಕ್ಕ ಇದು.

ಐಹೊಳೆಯ ಗುಡ್ಡದ ನೆತ್ತಿಯ ಮೇಗುತಿ, ಅಂದರೆ ಮೇಲಿನ ಗುಡಿ, 634ರಲ್ಲಿ ರವಿಕೀರ್ತಿ ಕಟ್ಟಿಸಿದ ಜಿನಾಲಯ. ಇಮ್ಮಡಿ ಪುಲಕೇಶಿಯ ಪ್ರಶಸ್ತಿಯಿಂದ ಹೆಸರಾದ ಈ ಗುಡಿಯಲ್ಲೂ ಗರ್ಭಗುಡಿಯ ಸುತ್ತ ಒಳಹಾದಿಯಿದೆ, ಮೇಲಂತಸ್ತಿನಲ್ಲಿ ಇನ್ನೊಂದು ಗರ್ಭಗುಡಿಯಿದೆ. ಗುಡ್ಡದ ಇಳಿಜಾರಿನಲ್ಲೇ ಅರ್ಧ ಕೊರೆದು ಅರ್ಧ ಕಟ್ಟಿದ ಎರಡಂತಸ್ತಿನ ಬೌದ್ಧ ವಿಹಾರವಿದೆ. ಭಿಕ್ಷುಗಳ ವಾಸ ಮತ್ತು ಧ್ಯಾನಕ್ಕೆ ಬೇಕಾದದ್ದು ಪಡಸಾಲೆ, ಕೋಣೆ; ಸುತ್ತುಹಾದಿಯಾಗಲಿ ಪ್ರಣಾಳವಾಗಲಿ ಅಲ್ಲಿ ಬೇಕಾಗಲಿಲ್ಲ.

ಗರ್ಭಗುಡಿ ಬೇಡವಾದಾಗ

ಗೋಡೆ, ಶಿಖರಗಳ ಹಂಗಿಲ್ಲದ ಪೂಜೆಗಳೂ ಈ ಕಣಿವೆಯಲ್ಲಿ ಹಳೆಯವೇ. ಇಳಕಲ್ಲ ಮತ್ತು ಐಹೊಳೆಗಳ ನಡುವಿನ ಸಿದ್ದನಕೊಳ್ಳದಲ್ಲಿ ಲಜ್ಜಾಗೌರಿಯ ಮೂರ್ತಿಯಿದೆ. ತಲೆಯ ಜಾಗದಲ್ಲಿ ಕಮಲ, ಹೆರಿಗೆಯ ಭಂಗಿ. ಮಕ್ಕಳ ಫಲ ಬೇಡುವ ಹೆಣ್ಣುಮಕ್ಕಳು ಇಂದಿಗೂ ಬಂದು ಎಣ್ಣೆ, ಅರಿಷಿಣ, ಕುಂಕುಮ ಹಚ್ಚುತ್ತಾರೆ. ಮುಟ್ಟಿ, ಸವರಿ ಮಾಡುವ ಪೂಜೆ ಅದು. ನಡುವೆ ಹೊಸ್ತಿಲು ಬಂದರೆ ಅದು ಕೆಡುತ್ತದೆ.

12ನೆಯ ಶತಮಾನದಲ್ಲಿ ಶರಣರು ಗರ್ಭಗುಡಿಯಿಲ್ಲದ ಪೂಜೆಯನ್ನು ಬೇರೆಯೇ ಎತ್ತರಕ್ಕೆ ಒಯ್ದರು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರಿಗೆ ಅಂಗೈಯೇ ಪೀಠ, ಅಭಿಷೇಕದ ನೀರು ಹರಿದುಹೋಗಲು ಕಲ್ಲಿನ ಪ್ರಣಾಳ ಬೇಕಿಲ್ಲ. ಅವರಿಗೆ ಬೇಕಾದದ್ದು ಒಟ್ಟಿಗೆ ಕೂತು ಅನುಭಾವದ ಮಾತಾಡುವ ಜಾಗ, ಒಟ್ಟಿಗೆ ಉಣ್ಣುವ ದಾಸೋಹದ ಮನೆ. ದುರಾ-ಯೂರೋಪಸ್‌ನವರು ಗೋಡೆ ಒಡೆದು ಮಾಡಿಕೊಂಡ ಕೋಣೆಗೆ ಈ ನಾಡಿನಲ್ಲಿ ಹತ್ತಿರದ್ದು ಗುಡಿಯಲ್ಲ, ಮಠದ ಪಡಸಾಲೆ. ಹುನಗುಂದ ತಾಲೂಕಿನದೇ ಆದ ಕೂಡಲಸಂಗಮದಲ್ಲಿ, ಕೃಷ್ಣೆ ಮಲಪ್ರಭೆಯರು ಕೂಡುವಲ್ಲಿ, ಬಸವಣ್ಣನ ಐಕ್ಯಸ್ಥಳವಿದೆ. ನಾರಾಯಣಪುರ ಜಲಾಶಯದ ಹಿನ್ನೀರು ಅದನ್ನು ಮುಳುಗಿಸದಂತೆ ಸುತ್ತ ದುಂಡು ಗೋಡೆ ಎಬ್ಬಿಸಿದ್ದಾರೆ. ಬಂದವರು ಮೆಟ್ಟಿಲಿಳಿದು, ಲಿಂಗಕ್ಕೆ ನಮಿಸಿ, ಮತ್ತೆ ಏರಿ ಬರುತ್ತಾರೆ.

ಕ್ರೈಸ್ತರ ಆರಾಧನೆ ಈ ಸೀಮೆಗೆ ಬಂದದ್ದು ತಡವಾಗಿ. ಬಾಸೆಲ್ ಮಿಷನ್ 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡದಲ್ಲಿ ನೆಲೆ ಮಾಡಿತು. ಅವರದು ಉಪದೇಶ ಕೇಳುವುದೇ ಮುಖ್ಯವಾದ ಪ್ರಾಟೆಸ್ಟಂಟ್ ಆರಾಧನೆ. ಅಂಥಲ್ಲಿ ಬೇಕಾದದ್ದು ಬೋಧಕನ ದನಿ ಕೊನೆಯ ಸಾಲಿಗೂ ಮುಟ್ಟುವ ಒಂದೇ ಸಭಾಂಗಣ.

ಲಾಡಖಾನನ ಮನೆ

ಪೂಜೆ ನಿಂತುಹೋದ ಗುಡಿಗಳಿಗೆ ಐಹೊಳೆಯಲ್ಲಿ ಬೇರೊಂದು ಬಾಳು ಸಿಕ್ಕಿತು. ಹೊಲಮನೆಯವರು ಅವುಗಳೊಳಗೆ ಸಂಸಾರ ಹೂಡಿದರು, ದನ ಕಟ್ಟಿದರು. ಗರ್ಭಗುಡಿ ಉಗ್ರಾಣವಾಗುವುದಕ್ಕೆ ಸರಿಯಾದ ಅಳತೆಯದಾಗಿತ್ತು, ಮಂಟಪ ಪಡಸಾಲೆಯಾಗುವುದಕ್ಕೆ. ಲಾಡಖಾನ ಎಂಬುದು ದೇವರ ಹೆಸರೂ ಅಲ್ಲ, ಅರಸನ ಹೆಸರೂ ಅಲ್ಲ. ಒಂದು ಕಾಲದಲ್ಲಿ ಆ ಗುಡಿಯಲ್ಲಿ ವಾಸವಾಗಿದ್ದ ಮುಸಲ್ಮಾನನೊಬ್ಬನ ಹೆಸರು. ಗೌಡರಗುಡಿ, ಅಂಬಿಗೇರಗುಡಿ, ಹುಚ್ಚಪ್ಪಯ್ಯನ ಗುಡಿ ಎಂಬ ಹೆಸರುಗಳೂ ಪ್ರತಿಷ್ಠೆಯ ದಿನ ಇಟ್ಟವಲ್ಲ, ಊರವರ ಬಾಯಲ್ಲಿ ಬಂದವು. ಶಾಸನಗಳು ಮರೆತುಹೋದ ಮೇಲೂ ಆ ಹೆಸರುಗಳು ಉಳಿದವು. ಪುರಾತತ್ವ ಇಲಾಖೆಯ ಫಲಕಗಳ ಮೇಲೆ ಇಂದು ಬರೆದಿರುವುದೂ ಅವೇ. ಲಾಡಖಾನನ ಮಂಟಪದ ನಡುವೆ ನಂದಿ ಈಗಲೂ ಹಿಂಗೋಡೆಯ ಗರ್ಭಗುಡಿಯತ್ತ ಮುಖ ಮಾಡಿ ಮಲಗಿದೆ.